ತಿಪ್ಪೆಯ ಸಿರಿಗೆ ಇದ್ದಿಲಿನ ಕಾವಲು

ಕನ್ನಡದ ಬೈಗುಳಗಳನ್ನು ಯಾರಾದರೂ ಒಟ್ಟುಗೂಡಿಸಿ ಪಟ್ಟಿ ಮಾಡಿದರೆ ಅದರಲ್ಲಿ ತಿಪ್ಪೆಗೆ ದೊರೆಯುವ ಸ್ಥಾನ ಸಾಮಾನ್ಯವಾದುದಲ್ಲ. ಬೇಡವಾದ ವಸ್ತುವನ್ನು ತಿಪ್ಪೆಗೆ ಎಸೆಯುತ್ತೇವೆ. ಅಳತೆ ಮೀರಿ ಆಸೆಪಟ್ಟವನನ್ನು ತಿಪ್ಪೆಯ ಮೇಲೆ ಮಲಗಿ ಉಪ್ಪರಿಗೆಯ ಕನಸು ಕಂಡವನೆಂದು ಹಳಿಯುತ್ತೇವೆ. ಆದ ತಪ್ಪನ್ನು ಮುಚ್ಚಿ ಮರೆಮಾಡುವವನು 'ತಿಪ್ಪೆ ಸಾರಿಸುವವನು'. ಹೀಗಿದ್ದರೂ ಇದೇ ಜನ ದೀಪಾವಳಿಯ ಸಂಜೆ ತಿಪ್ಪೆಯ ಮೇಲೆಯೂ ಒಂದು ಹಣತೆಯನ್ನಿಟ್ಟು ಕೈಮುಗಿಯುವುದುಂಟು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ, ತಿಪ್ಪಯ್ಯನೆಂದೋ ತಿಪ್ಪಮ್ಮನೆಂದೋ ಹೆಸರಿಡುತ್ತಿದ್ದುದೂ ಉಂಟು. ಬಾಯಿ ಹಳಿದುದನ್ನು ಕೈ ಪೂಜಿಸುವ ಇಂಥ ವಿಚಿತ್ರ ನಮ್ಮಲ್ಲಿಯೂ ಅಪರೂಪವೇ.

ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ನನಗೆ ತಿಪ್ಪೆಯ ವಿಷಯದಲ್ಲಿ ಇಷ್ಟು ಜ್ಞಾನವೇ ಸಾಕೆನಿಸಿತ್ತು. ಕಳೆದ ವರ್ಷ ಬೇಸಗೆಯ ರಜೆಯಲ್ಲಿ ಊರಿಗೆ ಹೋದಾಗ ಅದು ಏನೇನೂ ಸಾಲದೆಂದು ತಿಳಿಯಿತು.

ನಮ್ಮದು ತಿಪಟೂರು ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ನಾಲ್ಕು ಎಕರೆ ತೆಂಗಿನ ತೋಟ, ಎರಡು ಎಕರೆ ರಾಗಿಯ ಹೊಲ, ಎರಡು ಹಸು, ಒಂದು ಜೊತೆ ಎತ್ತು. ಇವಿಷ್ಟನ್ನೂ ನೋಡಿಕೊಂಡಿರುವವನು ನನ್ನ ಅಣ್ಣ. ನಾನು ಬಸ್ಸಿಳಿದು ಮನೆಯ ಅಂಗಳಕ್ಕೆ ಕಾಲಿಡುವ ವೇಳೆಗೆ ಒಳಗೆ ಮಾತು ಬಿಸಿಯೇರಿತ್ತು. ಎತ್ತುಗಳನ್ನು ಮಾರಿಬಿಡಬೇಕೆಂಬುದು ಅಣ್ಣನ ತೀರ್ಮಾನ. ಅವು ನಮ್ಮ ತಂದೆ ತೀರಿಕೊಳ್ಳುವುದಕ್ಕೆ ಹಿಂದಿನ ವರ್ಷ ಜಾತ್ರೆಯಲ್ಲಿ ತಾವೇ ಹಲ್ಲು ನೋಡಿ, ಸುಳಿ ನೋಡಿ ಆರಿಸಿ ತಂದ ಜೊತೆ. ಅವ್ವನ ಪಾಲಿಗೆ ಅವು ಬರಿಯ ಎತ್ತುಗಳಲ್ಲವೆಂಬುದನ್ನು ಬೇರೆ ಹೇಳಬೇಕಾದುದಿಲ್ಲ.

"ಉಳೋದಕ್ಕೆ ಟ್ರ್ಯಾಕ್ಟರ್ ಬರುತ್ತೆ. ಗಾಡಿ ಕಟ್ಟೋದು ಬಿಟ್ಟು ನಾಲ್ಕು ವರ್ಷ ಆಯ್ತು. ಇವು ಕೊಡೋದು ಬರೀ ಗೊಬ್ಬರ. ಆ ಗೊಬ್ಬರ ಹಾಕಿದರೂ ಮೇಲೆ ಯೂರಿಯಾ ಹಾಕಲೇಬೇಕು. ಮತ್ಯಾಕವ್ವ ಇವಕ್ಕೆ ಹುಲ್ಲು ಹಾಕೋದು?" ಎಂದು ಅಣ್ಣ ಕೇಳಿದ.

ಅವ್ವ ಏನೂ ಹೇಳಲಿಲ್ಲ. ತಿಂಗಳ ಮೊದಲ ದಿನ ಸಂಬಳ ಎಣಿಸುವ ನಾನು, ವರ್ಷಕ್ಕೆ ಎರಡು ಸಲ ಬಂದು ಎಳನೀರು ಕುಡಿದು ಹೋಗುವ ನಾನು, ಏನು ತಾನೆ ಹೇಳಬಲ್ಲೆ?

ಸಂಜೆ ಹಿತ್ತಿಲಿಗೆ ಹೋದೆ. ಆಳುಗಳು ತಿಪ್ಪೆಯನ್ನು ಮಗುಚುತ್ತಿದ್ದರು. ಹಾರೆ ಹಾಕಿದೊಡನೆ ಹಬೆಯೆದ್ದಿತು. ಹಬೆಯೊಡನೆ ಬಂದ ಘಾಟಿಗೆ ನನ್ನ ಕಣ್ಣು ನೀರಾಡಿದುವು. ನಾನು ಕರವಸ್ತ್ರ ಹುಡುಕುತ್ತಿದ್ದುದನ್ನು ಕಂಡು ಅಣ್ಣ ನಕ್ಕ. "ಗೊಬ್ಬರ ಅಂದ್ರೆ ಹೀಗೆ ಮೂಗಿಗೆ ಹೊಡೀಬೇಕು ಕಣೋ. ವಾಸನೆ ಇಲ್ಲದ್ದು ಗೊಬ್ಬರಾನೇ ಅಲ್ಲ" ಎಂದ.

ಆ ರಾತ್ರಿ ನಮ್ಮ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವ ಮಿತ್ರರೊಬ್ಬರೊಡನೆ ದೂರವಾಣಿಯಲ್ಲಿ ಮಾತನಾಡುತ್ತಿದ್ದಾಗ ಈ ಸಂಗತಿಯನ್ನು ವಿನೋದಕ್ಕಾಗಿ ಹೇಳಿದೆ. ಅವರು ನಗಲಿಲ್ಲ. "ನಿಮ್ಮ ಮೂಗಿಗೆ ಹೊಡೆದದ್ದು ನಿಮ್ಮ ಅಣ್ಣನವರ ಯೂರಿಯಾ ಸ್ವಾಮಿ. ಅದು ಹೊಲಕ್ಕೆ ಹೋಗಬೇಕಾಗಿತ್ತು, ಆಕಾಶಕ್ಕೆ ಹೋಯಿತು" ಎಂದರು.

ಈ ಒಂದು ಮಾತಿನ ಬೆನ್ನುಹತ್ತಿ ನಾನು ತಿಳಿದುಕೊಂಡ ವಿಷಯವನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ. ಹಳ್ಳಿಯ ಹಿತ್ತಿಲಿಗೆ ಸಂಬಂಧಿಸಿದ್ದೆಂದು ಪಟ್ಟಣದವರು ಪುಟ ತಿರುಗಿಸಬೇಕಾಗಿಲ್ಲ. ಮಹಡಿಯ ಮೇಲೆ ಕುಂಡದಲ್ಲಿ ತರಕಾರಿಯ ಸಿಪ್ಪೆಯನ್ನು ಗೊಬ್ಬರ ಮಾಡಹೊರಟು ಪಕ್ಕದ ಮನೆಯವರಿಂದ ಮಾತು ಕೇಳಿದ ಗೃಹಿಣಿಯರಿಗೂ ಇದರಲ್ಲಿ ಪಾಲಿದೆ.

ಘಾಟಿನ ಮೂಲ ಅಮೋನಿಯ ಎಂಬ ಅನಿಲ. ಪೈರು ಹಸುರಾಗಿ ಬೆಳೆಯುವುದಕ್ಕೆ ಸಾರಜನಕ ಬೇಕಷ್ಟೆ. ಮೇವಿನ ಮೂಲಕ ದನದ ಹೊಟ್ಟೆ ಸೇರಿದ ಸಾರಜನಕದ ಬಹುಭಾಗ ಮತ್ತೆ ಹೊರಕ್ಕೇ ಬರುತ್ತದೆ. ಹೀಗೆ ಹೊರಬರುವುದರಲ್ಲಿ ಅರ್ಧದಷ್ಟು ಸಗಣಿಯಲ್ಲಲ್ಲ, ಗಂಜಲದಲ್ಲಿ ಇರುತ್ತದೆ. ಗಂಜಲದಲ್ಲಿರುವುದೂ ಯೂರಿಯಾ ಎಂಬ ವಸ್ತುವೇ. ಅಂಗಡಿಯ ಮೂಟೆಯಲ್ಲಿರುವುದೂ ಅದೇ. ಅದು ನೆಲಕ್ಕೆ ಬಿದ್ದು ಸಗಣಿಯ ಸೂಕ್ಷ್ಮಜೀವಿಗಳ ಕೈಗೆ ಸಿಕ್ಕಿದ ಕೆಲವೇ ಗಂಟೆಗಳಲ್ಲಿ ಒಡೆದು ಅಮೋನಿಯ ಆಗತೊಡಗುತ್ತದೆ. ತಿಪ್ಪೆ ಕೊಳೆಯುವಾಗ ಅದರ ಒಡಲು ಅರವತ್ತು ಎಪ್ಪತ್ತು ಡಿಗ್ರಿಯವರೆಗೆ ಕಾಯುವುದರಿಂದ ಈ ಅನಿಲಕ್ಕೆ ಹೊರಡಲು ಮುಹೂರ್ತವೂ ಕೂಡಿಬರುತ್ತದೆ. ತೆರೆದ ತಿಪ್ಪೆಯಲ್ಲಿ ಮೊದಲಿದ್ದ ಸಾರಜನಕದ ಮೂರನೆಯ ಒಂದು ಪಾಲಿನಿಂದ ಅರ್ಧದವರೆಗೆ ಹೀಗೆ ನಷ್ಟವಾಗುವುದು ಅಪರೂಪವಲ್ಲ. ಕೋಳಿಗೊಬ್ಬರದಂಥ ತೀಕ್ಷ್ಣ ಪದಾರ್ಥದಲ್ಲಿ ಇನ್ನೂ ಹೆಚ್ಚಾಗಬಹುದು.

ಲೆಕ್ಕ ಹಾಕಿ ನೋಡೋಣ. ನಮ್ಮ ಮನೆಯ ನಾಲ್ಕು ರಾಸುಗಳಿಂದ ವರ್ಷಕ್ಕೆ ಸುಮಾರು 10 ಟನ್ನು ಗೊಬ್ಬರವಾಗುತ್ತದೆಂದು ಇಟ್ಟುಕೊಳ್ಳಿ. ಕೊಟ್ಟಿಗೆ ಗೊಬ್ಬರದಲ್ಲಿ ಸಾಮಾನ್ಯವಾಗಿ ನೂರಕ್ಕೆ ಅರ್ಧ ಪಾಲು ಸಾರಜನಕ. ಹೊಲ ಸೇರುವುದು 50 ಕಿಲೋ ಎಂದಾಯಿತು. ಅರ್ಧ ಹಾರಿಹೋಗಿದ್ದರೆ, ಹಾರಿದ್ದೂ 50 ಕಿಲೋ. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕವಿರುವುದರಿಂದ 45 ಕಿಲೋ ತೂಗುವ ಒಂದು ಮೂಟೆಯಲ್ಲಿ ದೊರೆಯುವುದು ಸುಮಾರು 21 ಕಿಲೋ. ಅಂದರೆ ಹೆಚ್ಚುಕಡಿಮೆ ಎರಡೂವರೆ ಮೂಟೆ ಯೂರಿಯಾದಷ್ಟು ಸಾರ ನಮ್ಮ ಹಿತ್ತಿಲಿನಿಂದ ವರ್ಷಾವಧಿ ಗಾಳಿಗೆ ಸಲ್ಲುತ್ತಿದೆ!

ಮರುದಿನ ಈ ಲೆಕ್ಕವನ್ನು ಅಣ್ಣನಿಗೆ ಹೆಮ್ಮೆಯಿಂದಲೇ ಒಪ್ಪಿಸಿದೆ. ಅವನು ಕೇಳಿಸಿಕೊಂಡು, "ಎರಡೂವರೆ ಮೂಟೆ ಉಳಿಸೋದಕ್ಕೆ ಒಂದು ಜೊತೆ ಎತ್ತು ಸಾಕು ಅಂತೀಯಾ?" ಎಂದ. ನನ್ನ ಹೆಮ್ಮೆ ಅಲ್ಲಿಗೆ ಇಳಿಯಿತು. ಅವನ ಪ್ರಶ್ನೆ ನ್ಯಾಯವಾದುದೇ. ಸರ್ಕಾರ ಬೊಕ್ಕಸದಿಂದ ಹಣ ತುಂಬಿಕೊಟ್ಟು ಯೂರಿಯಾವನ್ನು ಅಗ್ಗವಾಗಿಟ್ಟಿರುವ ತನಕ ರೈತನ ಕೈಲೆಕ್ಕದಲ್ಲಿ ತಿಪ್ಪೆ ಸೋಲುತ್ತಲೇ ಇರುತ್ತದೆ. ಆದರೆ ಗೊಬ್ಬರದಿಂದ ಮಣ್ಣಿಗೆ ಬರುವ ಮೃದುತ್ವ, ನೀರು ಹಿಡಿಯುವ ಗುಣ ಇವು ಮೂಟೆಯಲ್ಲಿ ಬರುವುದಿಲ್ಲ. ಮಳೆ ಕೈಕೊಟ್ಟ ವರ್ಷ ಇದನ್ನು ಅಣ್ಣನೇ ಒಪ್ಪಿಕೊಂಡಿದ್ದ.

ತಿಪ್ಪೆಯ ಸೋರಿಕೆಯನ್ನು ಹಿಂದಿನವರು ಗಮನಿಸಿರಲಿಲ್ಲವೆಂದು ತಿಳಿಯಬಾರದು. ಆಲ್ಬರ್ಟ್ ಹೋವಾರ್ಡ್ ಎಂಬ ಆಂಗ್ಲ ವಿಜ್ಞಾನಿ 1924 ರಿಂದ 1931 ರವರೆಗೆ ಇಂದೂರಿನಲ್ಲಿ ನಡೆಸಿದ ಪ್ರಯೋಗಗಳಿಂದ ಇಂದೂರು ಪದ್ಧತಿ ಜಗತ್ಪ್ರಸಿದ್ಧವಾಯಿತು. ಕಸಕಡ್ಡಿ, ಸಗಣಿ, ಗಂಜಲ ನೆನೆದ ಮಣ್ಣು ಇವನ್ನು ಪದರ ಪದರವಾಗಿ ಹರವಿ, ಆಗಾಗ ಮಗುಚಿ, ಮೂರು ತಿಂಗಳಲ್ಲಿ ಗೊಬ್ಬರ ಮಾಡುವ ವಿಧಾನ ಅದು. ವೇಗವಾಗಿ ಪಕ್ವವಾಗುತ್ತದೆ, ನಿಜ. ಮಗುಚಿದಷ್ಟು ಸಲವೂ ಅಮೋನಿಯಕ್ಕೆ ಬಾಗಿಲು ತೆರೆಯುವುದೂ ನಿಜ. ನಮ್ಮ ಬೆಂಗಳೂರಿನ ಹೆಸರು ಈ ಶಾಸ್ತ್ರದಲ್ಲಿ ಸೇರಿದ್ದು ಆ ಮೇಲೆ. 1939 ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸಿ. ಎನ್. ಆಚಾರ್ಯರು ರೂಪಿಸಿದ ಪದ್ಧತಿಗೆ ಇಂದಿಗೂ ಲೋಕದ ಕೃಷಿಗ್ರಂಥಗಳಲ್ಲಿ 'ಬೆಂಗಳೂರು ಪದ್ಧತಿ' ಎಂದೇ ಹೆಸರು. ಊರಿನ ಕಸವನ್ನೂ ಮಲವನ್ನೂ ಗುಂಡಿಯಲ್ಲಿ ಪದರಗಳಾಗಿ ತುಂಬಿ, ಮೇಲೆ ಮಣ್ಣು ಮೆತ್ತಿ, ಮಗುಚದೆ ಆರೆಂಟು ತಿಂಗಳು ಬಿಡುವುದು ಅದರ ಕ್ರಮ. ನಿಧಾನ, ಆದರೆ ಸಾರ ಹೆಚ್ಚು ಉಳಿಯುತ್ತದೆ. ಕನ್ನಡದಲ್ಲಿ ತಿಪ್ಪೆ ಸಾರಿಸುವುದು ಅಪ್ರಾಮಾಣಿಕತೆಯ ಲಕ್ಷಣ. ಆಚಾರ್ಯರಾದರೋ ತಿಪ್ಪೆಯನ್ನು ನಿಜವಾಗಿಯೇ ಸಾರಿಸಿ ದೇಶಕ್ಕೆ ಉಪಕಾರ ಮಾಡಿದರು. ನುಡಿಗಟ್ಟಿನ ಪಾಠ ಹೇಳುವಾಗ ನಾನು ಇದನ್ನು ಈಚೆಗೆ ಸೇರಿಸಿಕೊಂಡಿದ್ದೇನೆ. ಹುಡುಗರು ನಗುತ್ತಾರೆ, ಮರೆಯುವುದಿಲ್ಲ.

ವೇಗವೂ ಬೇಕು, ಸಾರವೂ ಉಳಿಯಬೇಕು ಎಂದರೆ? ಅಲ್ಲಿಯೇ ಇದ್ದಿಲಿನ ಪ್ರವೇಶ.

ಈಗಿನ ವಿಜ್ಞಾನಿಗಳು ಇದನ್ನು 'ಬಯೋಚಾರ್' ಎಂದು ಕರೆಯುತ್ತಾರೆ. ಹೆಸರು ಹೊಸದು, ವಸ್ತು ಹಳೆಯದು. ಕಟ್ಟಿಗೆ, ಕರಟ, ಹೊಟ್ಟು ಇವನ್ನು ಸಾಕಷ್ಟು ಗಾಳಿಯಿಲ್ಲದೆ ಸುಟ್ಟಾಗ ಬೂದಿಯಾಗದೆ ಉಳಿಯುವ ಇಂಗಾಲವೇ ಅದು. ಇದ್ದಿಲಿನ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜೇನುಹುಟ್ಟಿನಂತೆ ಬರಿಯ ಕೋಣೆಗಳು, ಓಣಿಗಳು. ಚೆನ್ನಾಗಿ ಸುಟ್ಟ ಒಂದು ಗ್ರಾಂ ಇದ್ದಿಲಿನ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ ಅದು ನೂರಾರು ಚದರ ಮೀಟರುಗಳಾಗಬಹುದು. ಹೆಬ್ಬೆರಳಿನ ಉಗುರಿನಷ್ಟು ಚೂರಿನಲ್ಲಿ ಒಂದು ಮದುವೆಯ ಛತ್ರ! ಈ ಓಣಿಗಳ ಗೋಡೆಗೆ ಅಮೋನಿಯ ಅಂಟಿಕೊಳ್ಳುತ್ತದೆ. ಅದಲ್ಲದೆ ಇದ್ದಿಲು ಸೇರಿದ ತಿಪ್ಪೆ ಒಳಗೆ ಹೆಪ್ಪುಗಟ್ಟದೆ ಗಾಳಿಯಾಡುತ್ತದೆ. ಸೂಕ್ಷ್ಮಜೀವಿಗಳು ಹುಲುಸಾಗಿ ಬೆಳೆದು ಸಾರಜನಕವನ್ನು ತಮ್ಮ ಮೈಗೇ ಕೂಡಿಸಿಕೊಳ್ಳುತ್ತವೆ. ಅವು ಸತ್ತ ಮೇಲೆ ಆ ಸಾರ ನಿಧಾನವಾಗಿ ಪೈರಿಗೆ ದಕ್ಕುತ್ತದೆ.

ಅಮೆರಿಕದ ಜಾರ್ಜಿಯ ವಿಶ್ವವಿದ್ಯಾನಿಲಯದಲ್ಲಿ ನಡೆದು 2010 ರಲ್ಲಿ ಪ್ರಕಟವಾದ ಪ್ರಯೋಗವೊಂದು ಈ ವಿಷಯದಲ್ಲಿ ಹೆಸರಾದದ್ದು. ಕೋಳಿಗೊಬ್ಬರಕ್ಕೆ ನೂರಕ್ಕೆ 20 ರಂತೆ ಪೈನ್ ಮರದ ಚಕ್ಕೆಯ ಇದ್ದಿಲನ್ನು ಬೆರೆಸಿ ಕೊಳೆಯಲಿಟ್ಟಾಗ, ಹೊರಬಂದ ಗಾಳಿಯಲ್ಲಿ ಅಮೋನಿಯದ ಪ್ರಮಾಣ ನೂರಕ್ಕೆ 64 ರವರೆಗೆ ಇಳಿಯಿತು. ಒಟ್ಟು ಸಾರಜನಕದ ನಷ್ಟ 52 ರವರೆಗೆ ತಗ್ಗಿತು. ಜರ್ಮನಿಯಲ್ಲಿ ಕ್ಲೌಡಿಯಾ ಕಮ್ಮನ್ ಮತ್ತು ಸಂಗಡಿಗರು 2015 ರಲ್ಲಿ ಪ್ರಕಟಿಸಿದ ಸಂಗತಿ ಇನ್ನೂ ಸ್ವಾರಸ್ಯವಾದುದು. ಹೊಸ ಇದ್ದಿಲನ್ನು ಹಾಗೆಯೇ ಮಣ್ಣಿಗೆ ಬೆರೆಸಿ ಕ್ವಿನೋವಾ ಎಂಬ ಧಾನ್ಯವನ್ನು ಬೆಳೆದರೆ, ಇದ್ದಿಲಿಲ್ಲದ ಕುಂಡದಲ್ಲಿ ನೂರು ಬೆಳೆದ ಕಡೆ ಇಲ್ಲಿ ಅರವತ್ತೇ ಬೆಳೆಯಿತು. ಅದೇ ಇದ್ದಿಲನ್ನು ಮೊದಲು ಗೊಬ್ಬರದ ರಾಶಿಯಲ್ಲಿ ಕೊಳೆಹಾಕಿ ಆಮೇಲೆ ಬೆರೆಸಿದರೆ ನೂರರ ಜಾಗದಲ್ಲಿ 305! ಹಸಿದ ಇದ್ದಿಲು ಮಣ್ಣಿನ ಸಾರವನ್ನು ತಾನೇ ನುಂಗುತ್ತದೆ. ತಿಪ್ಪೆಯಲ್ಲಿ ಉಂಡು ಬಂದ ಇದ್ದಿಲು ಪೈರಿಗೆ ಬಡಿಸುತ್ತದೆ. ಆದಕಾರಣ ಇದ್ದಿಲನ್ನು ನೇರವಾಗಿ ಹೊಲಕ್ಕೆ ಚೆಲ್ಲುವುದಕ್ಕಿಂತ ತಿಪ್ಪೆಯ ದಾರಿಯಾಗಿ ಕಳುಹಿಸುವುದೇ ಲೇಸು.

ಇನ್ನು ಅವ್ವನ ವಿಷಯಕ್ಕೆ ಬರಬೇಕು.

ನಮ್ಮ ಬಚ್ಚಲುಮನೆಯಲ್ಲಿ ತಾಮ್ರದ ಹಂಡೆ ಇನ್ನೂ ಕೆಲಸದಲ್ಲಿದೆ. ಒಲೆಗೆ ತೆಂಗಿನ ಮಟ್ಟೆ, ಗರಿ, ಚಿಪ್ಪು. ಬೆಳಗ್ಗೆ ಒಲೆ ಆರಿದ ಮೇಲೆ ಅವ್ವ ಬೂದಿ ಇದ್ದಿಲುಗಳನ್ನು ಒಟ್ಟಿಗೆ ಬಾಚಿ ಮಂಕರಿಯಲ್ಲಿ ಒಯ್ದು ತಿಪ್ಪೆಗೆ ಸುರಿಯುತ್ತಾಳೆ. ನನಗೆ ನೆನಪಿರುವಷ್ಟು ಕಾಲದಿಂದ ಇದು ನಡೆದಿದೆ. ಮಿತ್ರರ ಮಾತು ಕೇಳಿದಾಗ ನಾನು, 'ಹಾಗಾದರೆ ಇದ್ದಿಲು ಮೊದಲಿನಿಂದಲೂ ನಮ್ಮ ತಿಪ್ಪೆಗೆ ಬೀಳುತ್ತಿದೆಯಲ್ಲ, ಮತ್ತೇಕೆ ಈ ಘಾಟು?' ಎಂದು ಕೇಳಿದೆ. ಉತ್ತರವಾಗಿ ಅವರು ಕಲಾಯಿಯವನ ನೆನಪು ಮಾಡಿಕೊಟ್ಟರು.

ಹಿತ್ತಾಳೆಯ ಪಾತ್ರೆಗಳಿಗೆ ಬೀದಿಯಲ್ಲಿ ಕಲಾಯಿ ಹಾಕುತ್ತಿದ್ದುದನ್ನು ನಮ್ಮ ವಾಚಕರಲ್ಲಿ ಹಿರಿಯರು ನೋಡಿಯೇ ಇರುತ್ತಾರೆ. ಅವನು ಕಾದ ಪಾತ್ರೆಗೆ ಉದುರಿಸುತ್ತಿದ್ದ ಬಿಳಿಯ ಪುಡಿ ನವಸಾಗರ. ಅದರಲ್ಲಿರುವುದು ಕಟ್ಟಿಹಾಕಿದ ಅಮೋನಿಯ. ತಣ್ಣಗಿರುವಾಗ ಮೂಸಿದರೆ ವಾಸನೆಯೇ ಇಲ್ಲ. ಅದಕ್ಕೆ ಸ್ವಲ್ಪ ಒದ್ದೆ ಸುಣ್ಣ ಸೇರಿಸಿ ತಿಕ್ಕಿದಿರೋ, ಘಾಟು ನೆತ್ತಿಗೇರುತ್ತದೆ. ಸುಣ್ಣ ಕ್ಷಾರ, ಕ್ಷಾರ ತಗುಲಿದೊಡನೆ ಕಟ್ಟಿದ ಅಮೋನಿಯ ಬಿಡುಗಡೆಯಾಗಿ ಹಾರುತ್ತದೆ. ಒಲೆಯ ಬೂದಿಯೂ ಕ್ಷಾರವೇ. ಹಿಂದಿನ ಕಾಲದಲ್ಲಿ ಅದರಿಂದಲೇ ಬಟ್ಟೆ ಒಗೆಯುತ್ತಿದ್ದರಲ್ಲವೆ? ಅವ್ವನ ಮಂಕರಿಯಲ್ಲಿ ತಿಪ್ಪೆಯ ಕಾವಲುಗಾರನೂ ಕಳ್ಳನೂ ಜೊತೆಯಾಗಿ ಪ್ರಯಾಣ ಮಾಡುತ್ತಿದ್ದರು. ಹಿಡಿಯಷ್ಟು ಇದ್ದಿಲು ಹಿಡಿದಿಟ್ಟುದನ್ನು ಪುಟ್ಟಿಯಷ್ಟು ಬೂದಿ ಬಿಡಿಸಿ ಕಳುಹಿಸುತ್ತಿತ್ತು.

ಅವ್ವನ ಪರವಾಗಿ ಒಂದು ಮಾತು. ಹೋವಾರ್ಡರೂ ತಮ್ಮ ರಾಶಿಗೆ ಕಟ್ಟಿಗೆಯ ಬೂದಿಯನ್ನು ಬಳಸುತ್ತಿದ್ದರು. ಕೊಳೆಯುವಾಗ ಹುಳಿ ಹೆಚ್ಚಾಗದಿರಲೆಂಬುದು ಅವರ ಉದ್ದೇಶ. ಹುಲ್ಲು ತರಗು ಹೆಚ್ಚಾಗಿ ಗಂಜಲ ಕಡಿಮೆಯಾದ ರಾಶಿಗೆ ಅದು ಅಷ್ಟು ಕೆಡುಕಲ್ಲ. ಗಂಜಲದಿಂದ ಈಗಾಗಲೇ ಕ್ಷಾರವಾಗಿರುವ ನಮ್ಮ ತಿಪ್ಪೆಗೆ ಮಾತ್ರ ಅದು ಬೇಡದ ನೆಂಟ. ಹೊಸ ಇದ್ದಿಲಿನಲ್ಲಿಯೂ ಸ್ವಲ್ಪ ಬೂದಿಯ ಅಂಶ ಅಡಗಿರುವುದರಿಂದ ಅದನ್ನು ಒಂದೆರಡು ಸಲ ನೀರಿನಲ್ಲಿ ತೊಳೆದು ಬಳಸುವುದು ಒಳ್ಳೆಯದು. ಹಾಲಿನಲ್ಲಿ ತೊಳೆದರೂ ಇದ್ದಿಲು ಬೆಳ್ಳಗಾಗದೆಂಬ ಗಾದೆಯಿದೆ. ಬೆಳ್ಳಗಾಗದಿದ್ದರೂ ತೊಳೆಯುವುದರಿಂದ ಪ್ರಯೋಜನವಿದೆ.

ಎಷ್ಟು ಬೇಕು? ಕಸದ ಒಣತೂಕದಲ್ಲಿ ನೂರಕ್ಕೆ ಹತ್ತರಷ್ಟು ಎಂಬುದು ಸಾಮಾನ್ಯವಾಗಿ ಹೇಳುವ ಪ್ರಮಾಣ. ಹೆಂಟೆಯಲ್ಲ, ರಾಗಿಯ ಕಾಳಿನಿಂದ ಕಡಲೆಯ ಗಾತ್ರದವರೆಗಿನ ಪುಡಿ. ಒಣಗಿದ ಪುಡಿ ಎದೆಗೆ ಕೆಟ್ಟದು. ನೆನೆಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಳಸಬೇಕು. ಇದ್ದಿಲು ಇದೆಯೆಂದು ಹುಲ್ಲು ತರಗು ಕಡಿಮೆ ಮಾಡಬಾರದು. ಸಾರಜನಕದ ಒಂದು ಪಾಲಿಗೆ ಇಂಗಾಲ ಇಪ್ಪತ್ತೈದು ಮೂವತ್ತು ಪಾಲಿರುವ ರಾಶಿ ಚೆನ್ನಾಗಿ ಕೊಳೆಯುತ್ತದೆ. ಬರಿಯ ಸಗಣಿ ಗಂಜಲಗಳ ರಾಶಿಯನ್ನು ಎಷ್ಟು ಇದ್ದಿಲೂ ಕಾಯಲಾರದು. ಇನ್ನು, ಇದ್ದಿಲಿಗಾಗಿ ಮರ ಕಡಿಯುವುದಾದರೆ ಈ ಲೇಖನವನ್ನು ಓದದಿರುವುದೇ ಮೇಲು. ಕಲಬುರಗಿಯ ಕಡೆ ತೊಗರಿಯ ಕಟ್ಟಿಗೆ, ರಾಯಚೂರಿನ ಕಡೆ ಹತ್ತಿಯ ಕಟ್ಟಿಗೆ ಹೊಲದಲ್ಲಿಯೇ ಉರಿದು ಹೋಗುವುದುಂಟು. ಒಂದು ಗುಂಡಿ ತೋಡಿ, ತಳದಲ್ಲಿ ಬೆಂಕಿ ಮಾಡಿ, ಕಟ್ಟಿಗೆಯನ್ನು ತೆಳ್ಳಗೆ ಪದರ ಪದರವಾಗಿ ಹಾಕುತ್ತ, ಮೇಲೆ ಬೂದಿ ಕಾಣಿಸಿಕೊಳ್ಳುವ ಹೊತ್ತಿಗೆ ಮುಂದಿನ ಪದರ ಹಾಕಿ, ಕೊನೆಗೆ ನೀರು ಸುರಿದು ಆರಿಸಿದರೆ ಬೂದಿಯ ಬದಲು ಇದ್ದಿಲು ಕೈಗೆ ಬರುತ್ತದೆ.

ಪಟ್ಟಣದವರಿಗೆ ಗುಂಡಿ ಬೇಡ. ಇಸ್ತ್ರಿ ಅಂಗಡಿಯವನ ಬಳಿ ಚೀಲದ ತಳದಲ್ಲಿ ಉಳಿಯುವ ಪುಡಿಯನ್ನು ಕೇಳಿದರೆ ಸಾಕು. ಕಲ್ಲಿದ್ದಲು ಬೇಡ; ಹಿಟ್ಟು ಅಂಟುಗಳನ್ನು ಕಲಸಿ ಅಚ್ಚು ಹಾಕಿದ ಉಂಡೆಗಳೂ ಬೇಡ. ಕುಂಡಕ್ಕೆ ಸಿಪ್ಪೆ ಹಾಕಿದಾಗಲೆಲ್ಲ ಒಣ ಎಲೆಯ ಜೊತೆ ನೆನೆದ ಇದ್ದಿಲಿನ ಪುಡಿಯನ್ನು ಒಂದು ಹಿಡಿ ಉದುರಿಸಬೇಕು. ನನ್ನ ಪತ್ನಿ ಇದನ್ನು ಮಾಡಿದ ಮೇಲೆ ಮಹಡಿಯ ಕುಂಡದ ವಿಷಯವಾಗಿ ಕೆಳಗಿನ ಮನೆಯವರು ಮಾತೆತ್ತಿಲ್ಲ. ನೀರು ತೊಟ್ಟಿಕ್ಕುವ ವಿಷಯವಾಗಿ ಎತ್ತಿದ್ದಾರೆ, ಅದು ಬೇರೆ.

ರಜೆ ಮುಗಿಯುವುದರೊಳಗಾಗಿ ಅಣ್ಣ ನನ್ನ ಬಾಯಿ ಮುಚ್ಚಿಸುವುದಕ್ಕೋ ಏನೋ, ಒಂದು ಪರೀಕ್ಷೆಗೆ ಒಪ್ಪಿದ. ಬಚ್ಚಲ ಒಲೆಯ ಇದ್ದಿಲು ಎಲ್ಲಿಗೂ ಸಾಲದು. ನಮ್ಮ ಕಡೆ ತೆಂಗಿನ ಚಿಪ್ಪನ್ನು ಸುಟ್ಟು ಇದ್ದಿಲು ಮಾಡುವವರಿದ್ದಾರೆ. ಅಲ್ಲಿ ಜರಡಿಯ ಕೆಳಗೆ ಉಳಿದ ಪುಡಿ ಕಡಿಮೆ ಬೆಲೆಗೆ ನಾಲ್ಕು ಚೀಲ ದೊರೆಯಿತು. ಒಂದೇ ಅಳತೆಯ ಎರಡು ರಾಶಿ ಮಾಡಿದೆವು. ಒಂದಕ್ಕೆ ಪುಡಿ, ಇನ್ನೊಂದು ಎಂದಿನಂತೆ. ಎರಡಕ್ಕೂ ಬೂದಿ ನಿಷಿದ್ಧವೆಂದು ಅವ್ವನಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂದಿತು. ಹತ್ತು ದಿನ ಕಳೆದು ಅಣ್ಣ ದೂರವಾಣಿ ಮಾಡಿದ. ಎರಡೂ ರಾಶಿಗಳನ್ನು ಮಗುಚಿಸಿದನಂತೆ. "ನಿನ್ನ ಕರೀ ರಾಶೀಲಿ ಬಿಸಿ ಇದೆ, ಹಬೆ ಇದೆ, ಘಾಟು ಮಾತ್ರ ಅಷ್ಟಿಲ್ಲ. ಗೊಬ್ಬರ ಆಗುತ್ತೋ ಇಲ್ಲವೋ ನೋಡೋಣ" ಎಂದ. ದನಿಯಲ್ಲಿ ಅನುಮಾನವಿತ್ತು, ಕುತೂಹಲವೂ ಇತ್ತು.

ಮುಂಗಾರು ಕಳೆದ ಮೇಲೆ ಎರಡನ್ನೂ ತೆಂಗಿನ ಬುಡಗಳಿಗೆ ಬೇರೆ ಬೇರೆಯಾಗಿ ಹಾಕಿಸಿದ್ದಾನೆ. ಯಾವ ಸಾಲಿಗೆ ಯಾವುದೆಂದು ಮರಗಳಿಗೆ ಗುರುತು ಹಚ್ಚಿದ್ದಾನೆ. ತೆಂಗು ಉತ್ತರ ಹೇಳಬೇಕಾದರೆ ಎರಡು ಮೂರು ವರ್ಷ ಬೇಕು. ಆದುದರಿಂದ ಫಲಿತಾಂಶವನ್ನು ಈ ಪುಟಗಳಲ್ಲಿ ಈಗಲೇ ಕೊಡಲಾರೆ. ಕೊಟ್ಟಿಗೆಯ ಗಂಜಲದ ಕಾಲುವೆಗೆ ಮಾತ್ರ ದಿನವೂ ಎರಡು ಬೊಗಸೆ ಇದ್ದಿಲು ಬೀಳುತ್ತಿದೆ. ಅಲ್ಲಿ ಘಾಟು ಕಡಿಮೆಯಾದ ಮೇಲೆ ಬೆಳಗಿನ ಹಾಲು ಕರೆಯುವುದು ಹಗುರವಾಗಿದೆಯೆಂದು ಅತ್ತಿಗೆ ಹೇಳುತ್ತಾರೆ. ಎತ್ತುಗಳ ಮಾತು ಬಂದರೆ, "ಸಂಕ್ರಾಂತಿ ಕಳೀಲಿ, ನೋಡೋಣ" ಎಂದು ಅಣ್ಣ ಎದ್ದುಹೋಗುತ್ತಾನೆ.

ದೀಪಾವಳಿಗೆ ನಾವೆಲ್ಲ ಊರಿನಲ್ಲಿದ್ದೆವು. ಹಿತ್ತಿಲಿನಲ್ಲಿ ಆಗಲೇ ಹೊಸ ರಾಶಿಗಳು ಎದ್ದಿದ್ದುವು, ಒಂದು ಕಪ್ಪು, ಇನ್ನೊಂದು ಎಂದಿನದು. ಅವ್ವನ ಕೈಯಲ್ಲಿ ತಿಪ್ಪೆಗೆಂದು ತೆಗೆದಿಟ್ಟ ಹಣತೆ ಒಂದೇ. ಒಂದು ಕ್ಷಣ ನಿಂತು, ಕಪ್ಪು ರಾಶಿಯ ಕಡೆಗೆ ಹೋಗಿ ಅದರ ನೆತ್ತಿಯನ್ನು ಅಂಗೈಯಿಂದ ಸಮಮಾಡಿ ಹಣತೆಯನ್ನಿಟ್ಟಳು. ಗೆದ್ದ ಸಂತೋಷದಲ್ಲಿ ನಾನು, "ಯಾಕವ್ವ ಇದಕ್ಕೇ ಇಟ್ಟೆ?" ಎಂದು ಕೇಳಿದೆ.

"ಕೈ ಮುಗಿಯೋ ಹೊತ್ತು ನಿಂತಿರಬೇಕಲ್ಲಪ್ಪ. ಅದರ ಹತ್ತಿರ ನಿಂತರೆ ಕಣ್ಣುರಿ" ಎಂದು ಅವ್ವ ಸೆರಗಿನಿಂದ ಗಾಳಿಗೆ ಮರೆಮಾಡಿ ಬತ್ತಿಯನ್ನು ಮುಂದಕ್ಕೆಳೆದಳು.